ತಾರ್ಲೆ ಮೇಯುವ ಕುರಿಗಳು

ಮಿರ್ಬಾತಿನ ದಂಡೆಯಲ್ಲಿ ತಾರ್ಲೆ ಒಣಗುತ್ತದೆ,
ಕಾಲಿಡಲು ಜಾಗವಿಲ್ಲದಂತೆ ಹರಡಿದ ಬೆಳ್ಳಿ.
ನಾಲ್ಕು ದಿನಕ್ಕೆ ಬೆಳ್ಳಿ ಹೋಗಿ ತಗಡು,
ಆರನೆಯ ದಿನಕ್ಕೆ ತರಗೆಲೆ.
ಗೋಣಿಗೆ ತುಂಬಿ ಪಿಕಪ್ಪಿಗೆ ಹೇರುತ್ತೇನೆ.
ಹೊನ್ನಾವರದಲ್ಲಿ ಇದನ್ನು ತೆಂಗಿನ ಬುಡಕ್ಕೆ ಹೂಳುತ್ತಿದ್ದೆವು,
ಇಲ್ಲಿ ಗುಡ್ಡ ಹತ್ತಿಸುತ್ತೇನೆ,
ಕುರಿಗಳಿಗೆ.

ನಗಬೇಡಿ.

ಖರೀಫ್ ಮುಗಿದಾಗ ಈ ಗುಡ್ಡ ನೋಡಬೇಕಿತ್ತು ನೀವು,
ಗಲ್ಫೆಂದರೆ ಮರಳೆನ್ನುವವನ ಬಾಯಿಗೆ
ಹಿಡಿ ಹಸಿರು ತುರುಕಬಹುದಿತ್ತು.
ಮೂರು ತಿಂಗಳು ಮಂಜು ಕುಡಿದ ಹುಲ್ಲು ಮೊಣಕಾಲು ಮುಟ್ಟಿತ್ತು.
ಈಗ ಜನವರಿ. ಹುಲ್ಲು ಇದೆ, ಅಷ್ಟೇ ಎತ್ತರ ಇದೆ,
ಬಣ್ಣ ಮಾತ್ರ ಹಳೆಯ ಚಾಪೆಯದು.
ಕುರಿಗಳು ಬೆಳಗಿನಿಂದ ಬೈಗಿನ ತನಕ ಮೇಯುತ್ತವೆ;
ಹೊಟ್ಟೆ ನಗಾರಿ,
ಬೆನ್ನ ಮೇಲೆ ಕೈಯಿಟ್ಟರೆ ಗರಗಸ.

"ಹೊಟ್ಟಿ ತುಂಬೈತಿ, ಮೈ ತುಂಬವಲ್ದು," ಅಂದ ಯಮನೂರಪ್ಪ,
ಕುಷ್ಟಗಿ ಕಡೆಯ ಕುರುಬ,
ಹನ್ನೊಂದು ವರ್ಷದಿಂದ ಬಖೀತರ ಹಟ್ಟಿ ಕಾಯುವವ.
ನೂರ ನಲವತ್ತು ಕುರಿಗಳನ್ನು ಮುಖ ನೋಡಿಯೇ ಗುರುತಿಸುತ್ತಾನೆ,
ನನ್ನನ್ನು ಮಾತ್ರ ಪ್ರತಿ ಸಲ "ಭಟ್ಕಳದಾಂವ" ಎನ್ನುತ್ತಾನೆ.

ಸೂಡಾನಿನ ಡಾಕ್ಟರು ಇದ್ರೀಸ್ ಬಂದರು.
ಕುರಿಯ ಎಡಪಕ್ಕೆಗೆ ಕಿವಿಯಿಟ್ಟು ಗಡಿಯಾರ ನೋಡಿದರು.
ಅವರು ಅರಬ್ಬಿಯಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ಇಳಿಸಿದೆ:
"ಇದರೊಳಗೆ ಒಂದು ಕ್ಯಾಂಪ್ ಇದೆ.
ಕಣ್ಣಿಗೆ ಕಾಣದ ಕೂಲಿಗಳು, ಕೋಟಿಗಟ್ಟಲೆ.
ಹುಲ್ಲನ್ನು ಕರಗಿಸುವುದು ಕುರಿಯಲ್ಲ, ಅವರು.
ಒಣಹುಲ್ಲಿನಲ್ಲಿ ಅವರಿಗೆ ಊಟವಿಲ್ಲ,
ಪ್ರೋಟೀನು ಸಿಗದೆ ಕೆಲಸ ನಿಲ್ಲಿಸಿದ್ದಾರೆ.
ಬಂದ ಹುಲ್ಲು ಬಾಗಿಲಲ್ಲೇ ಬಿದ್ದಿದೆ.
ದಿನಕ್ಕೊಂದು ಹಿಡಿ ಮೀನು ಕೊಡಿ,
ಕುರಿಗಲ್ಲ, ಅವರಿಗೆ."

ಕ್ಯಾಂಪ್ ಎಂಬ ಮಾತಿಗೆ ಯಮನೂರಪ್ಪ ತಲೆಯೆತ್ತಿದ.
ಅರ್ಥ ಹೇಳಬೇಕಾಗಲಿಲ್ಲ.
"ಎಷ್ಟ್ ತಿಂಗಳದ್ದು ಪಗಾರ ಬಾಕಿ ಐತಂತ ಅವ್ರದ್ದು?"
ಇದನ್ನು ನಾನು ಅರಬ್ಬಿಗೆ ಏರಿಸಲಿಲ್ಲ;
ಬಖೀತ್ ಅಲ್ಲೇ ನಿಂತಿದ್ದರು,
ಕೋಲನ್ನು ಹೆಗಲ ಮೇಲೆ ಅಡ್ಡ ಹಿಡಿದು.

ಮೊದಲ ದಿನ ಕುರಿಗಳು ಮೂಸಿ ಹಿಂದೆ ಸರಿದವು.
ಯಮನೂರಪ್ಪನೂ.
"ಜಾಲಿಕಾಯಿ ತಿನ್ನೋ ಜಾತಿಗೆ ಮೀನ ಹಾಕ್ತೀರಲ್ಲ!"
ಬೇಸಿಗೆ ಬಂದರೆ ಉದ್ದ ಗಳು ಹಿಡಿದು
ಜಾಲಿಮರ ಬಡಿದು ಕಾಯಿ ಉದುರಿಸುತ್ತಿದ್ದ ತೋಳು ಅವನದು.
ಅದೂ ಇದೇ ಲೆಕ್ಕವಲ್ಲವೇನೋ ಎಂದೆ.
ಸುಮ್ಮನಾದ.
ಆಮೇಲೆ ಮೀನನ್ನು ಕಲ್ಲಿನ ಮೇಲೆ ಕುಟ್ಟಿ,
ಮುಗ್ಗಿದ ಖರ್ಜೂರ ಕಿವುಚಿ ಬೆರೆಸಿ,
ಅಂಗೈಯಲ್ಲಿ ಹಿಡಿದು
ಹಲ್ಲು ಸವೆದ ಮುದಿ ಕುರಿಯ ಮುಂದೆ ಕುಕ್ಕರಗಾಲಲ್ಲಿ ಕೂತ.
ನೆಕ್ಕಿತು.
ಹಿಂಡಿನ ಯಜಮಾನಿಯೇ ನೆಕ್ಕಿದ ಮೇಲೆ
ಉಳಿದವರದೇನು.

ಆದರೆ ಹಿಡಿ ಎಂದರೆ ಎಷ್ಟು?
ಡಾಕ್ಟರು ಗ್ರಾಮಿನಲ್ಲಿ ಹೇಳಿದ್ದರು, ತಕ್ಕಡಿ ಇರಲಿಲ್ಲ.
ಬಖೀತರ ಹಿಡಿ ಚಿಕ್ಕದು, ಯಮನೂರಪ್ಪನದು ದೊಡ್ಡದು,
ಒಂದು ವಾರ ಇದರ ಮೇಲೇ ಜಗಳ.
ಗಬ್ಬದ ಕುರಿಗಳಿಗೆ ಕದ್ದು ಇನ್ನೊಂದು ಹಿಡಿ ಹಾಕುತ್ತಿದ್ದ.
ಗೋಣಿ ಎಣಿಸುವಾಗ ನಾನು ಸ್ವಲ್ಪ ತಪ್ಪಾಗಿ ಎಣಿಸುತ್ತಿದ್ದೆ.

ಫೆಬ್ರವರಿ ಕೊನೆಗೆ ಗರಗಸದ ಹಲ್ಲು ಮುಚ್ಚಿದವು.
ಅದೇ ಹುಲ್ಲು, ಅದೇ ಚಾಪೆಯ ಬಣ್ಣ,
ಈಗ ಹಟ್ಟಿಯಲ್ಲಿ ರಾತ್ರಿಯೆಲ್ಲ ಮೆಲುಕಿನ ಸದ್ದು,
ದೂರದಲ್ಲೆಲ್ಲೋ ರಾತ್ರಿ ಪಾಳಿ ಹೊರಟಂತೆ.
ಮರಿಗಳು ಹುಟ್ಟಿದವು, ಬಿದ್ದ ಕೂಡಲೇ ಎದ್ದವು.
ಒಂದನ್ನೆತ್ತಿ ಮುಖಕ್ಕೆ ಹಿಡಿದೆ:
ತಾಯಿ ನೆಕ್ಕಿದ ತುಪ್ಪಟದಲ್ಲಿ
ಹಾಲಿನ ವಾಸನೆಯ ಕೆಳಗೆ, ತೆಳ್ಳಗೆ, ತಾರ್ಲೆ.

ನಿನ್ನೆ ಗೋಣಿ ಇಳಿಸಿದ ಮೇಲೆ ಯಮನೂರಪ್ಪ ಊಟಕ್ಕೆ ಕರೆದ.
ಅನ್ನ, ಮಜ್ಜಿಗೆ, ಖಾರಪುಡಿ.
ಕಳೆದ ಸಲವೂ ಅದೇ, ಅದರ ಹಿಂದಿನ ಸಲವೂ.
"ಇಷ್ಟು ಮೀನಿದೆ, ಎರಡು ಸುಟ್ಟುಕೊಳ್ಳಬಾರದೇನೋ?"
"ಸೋಮವಾರ ಅಲ್ಲೇನು," ಅಂದ.
ನಿನ್ನೆ ಬುಧವಾರ.

ಗಾಳಿ ತಿರುಗಿತು, ಕಡಲಿನಿಂದ ಗುಡ್ಡಕ್ಕೆ.
ನೂರ ನಲವತ್ತು ಕುರಿಗಳು ಮೇಯುವುದನ್ನು ಬಿಟ್ಟು
ಕಾಣದ ನೀರಿನ ಕಡೆಗೆ
ಮೂತಿ ಎತ್ತಿದವು.